ಕುಂಚ ಹಿಡಿದ ಕೈಗೆ ಮಾರ್ಷಲನ ದಂಡ

ಎರಡನೆಯ ಮಹಾಯುದ್ಧದ ಪಾಠವನ್ನು ನನ್ನಿಂದ ಕೇಳಿದ ಶಿಷ್ಯರಿಗೆ ನೆನಪಿರಬಹುದು. 1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ದಾಳಿ ಮಾಡಿತೆಂಬ ಒಂದೇ ವಾಕ್ಯಕ್ಕೆ ಆ ದೇಶದ ಕಥೆ ಮುಗಿಯುತ್ತಿತ್ತು. ಪಠ್ಯಪುಸ್ತಕದಲ್ಲಿ ಹೆಚ್ಚಿನ ಜಾಗವಿರಲಿಲ್ಲ. ಅಂದು ಪೋಲಿಷ್ ಸೈನ್ಯದ ಮಹಾದಂಡನಾಯಕನಾಗಿದ್ದ ಎಡ್ವರ್ಡ್ ರಿಡ್ಜ್-ಸ್ಮಿಗ್ಲಿ ಮೂಲತಃ ಚಿತ್ರಕಾರ.

ಈತ ಹುಟ್ಟಿದ್ದು 1886ರಲ್ಲಿ, ಇಂದು ಉಕ್ರೇನಿಗೆ ಸೇರಿರುವ ಬೆರೆಝಾನಿ ಪಟ್ಟಣದಲ್ಲಿ. ಬಾಲ್ಯದಲ್ಲೇ ಅನಾಥನಾದ ಹುಡುಗ ಮುಂದೆ ಕ್ರಾಕೋವ್ ನಗರದ ಲಲಿತಕಲಾ ಅಕಾಡೆಮಿ ಸೇರಿದ. ನಿಸರ್ಗದೃಶ್ಯಗಳೆಂದರೆ ಅವನಿಗೆ ಪ್ರೀತಿ. ಆದರೆ ಆಗ ಪೋಲೆಂಡ್ ಎಂಬ ರಾಷ್ಟ್ರ ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಜರ್ಮನಿ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡಿದ್ದವು. ದೇಶವಿಲ್ಲದವನು ಯಾವ ನೆಲದ ಚಿತ್ರ ಬರೆಯಬೇಕು? 1914ರಲ್ಲಿ ಆತ ಪಿಲ್ಸುಡ್ಸ್ಕಿಯ ಸ್ವಯಂಸೇವಕ ಪಡೆ ಸೇರಿದ. ‘ಸ್ಮಿಗ್ಲಿ’, ಅಂದರೆ ಚುರುಕಿನವನು, ಎಂಬುದು ಗುಪ್ತ ಚಟುವಟಿಕೆಯ ಕಾಲದ ಅಡ್ಡಹೆಸರು. ಅದೇ ಮನೆತನದ ಹೆಸರಿಗೆ ಅಂಟಿಕೊಂಡಿತು.

ಸ್ವತಂತ್ರ ಪೋಲೆಂಡಿನ ಸೇನಾನಿಯಾಗಿ 1920ರ ಮೇ ತಿಂಗಳಲ್ಲಿ ಕೀವ್ ನಗರವನ್ನು ಹಿಡಿದ; ಆಗಸ್ಟಿನಲ್ಲಿ ವಾರ್ಸಾ ಬಾಗಿಲಿಗೆ ಬಂದ ಕೆಂಪು ಸೇನೆಯನ್ನು ಹಿಮ್ಮೆಟ್ಟಿಸುವುದರಲ್ಲಿ ಪಾಲುಗೊಂಡ. 1935ರಲ್ಲಿ ಪಿಲ್ಸುಡ್ಸ್ಕಿ ತೀರಿಕೊಂಡಾಗ ಸೇನೆಯ ಹೊಣೆ ಇವನದಾಯಿತು. 1936ರಲ್ಲಿ ಮಾರ್ಷಲನ ದಂಡವೂ ಕೈಸೇರಿತು. ಅದೇ ವರ್ಷ, ರಾಷ್ಟ್ರಾಧ್ಯಕ್ಷರ ನಂತರದ ಗೌರವ ಇವನಿಗೇ ಸಲ್ಲಬೇಕೆಂದು ಪ್ರಧಾನಮಂತ್ರಿ ಸುತ್ತೋಲೆ ಹೊರಡಿಸಿದರು. ಸಂವಿಧಾನದಲ್ಲಿ ಅಂಥ ಸ್ಥಾನವೇ ಇರಲಿಲ್ಲ! ವ್ಯಕ್ತಿಪೂಜೆ ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಒಂದೇ ಬಗೆ.

1939ರ ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೈನ್ಯವೂ ನುಗ್ಗಿತು. ಆ ರಾತ್ರಿ ಮಾರ್ಷಲ್ ಗಡಿ ದಾಟಿ ರೊಮೇನಿಯಾ ಸೇರಿದ. ಫ್ರಾನ್ಸಿಗೆ ಹೋಗಿ ಯುದ್ಧ ಮುಂದುವರಿಸುವ ಎಣಿಕೆಯಿತ್ತು, ಆದರೆ ರೊಮೇನಿಯಾ ಅವನನ್ನು ನಿರ್ಬಂಧದಲ್ಲಿರಿಸಿತು. ಇತ್ತ ವಾರ್ಸಾ ಇನ್ನೂ ಹೋರಾಡುತ್ತಿತ್ತು. ಅದು ಶರಣಾದದ್ದು ಸೆಪ್ಟೆಂಬರ್ 28ರಂದು. ಸೈನಿಕರನ್ನು ಬಿಟ್ಟು ಓಡಿದವನೆಂಬ ಅಪವಾದ ಅಂದಿನಿಂದ ಅವನ ಬೆನ್ನುಹತ್ತಿತು. ಆ ಅಪವಾದ ಸುಳ್ಳೆಂದು ನಾನು ಹೇಳಲಾರೆ. ಆದರೆ ಬಹುಮಂದಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

1940ರಲ್ಲಿ ಆತ ತಪ್ಪಿಸಿಕೊಂಡು ಹಂಗೇರಿ ಸೇರಿದ. ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರಕ್ಕೆ ಅವನು ಬೇಡವಾಗಿದ್ದ. 1941ರ ಅಕ್ಟೋಬರಿನಲ್ಲಿ, ಜರ್ಮನರ ವಶದಲ್ಲಿದ್ದ ವಾರ್ಸಾಗೆ ಮಾರುವೇಷದಲ್ಲಿ ಹಿಂದಿರುಗಿದ. ಸಿಕ್ಕಿಬಿದ್ದರೆ ಮರಣವೇ ಗತಿ. ಭೂಗತ ಹೋರಾಟದಲ್ಲಿ ದುಡಿಯುವ ಆಸೆ ಕೈಗೂಡಲಿಲ್ಲ. ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 55.

ಪೊವೊಂಝ್ಕಿ ಸ್ಮಶಾನದಲ್ಲಿ ಅವನನ್ನು ಹೂಳಿದ್ದು ‘ಆಡಮ್ ಝವಿಶಾ’ ಎಂಬ ಸುಳ್ಳು ಹೆಸರಿನಲ್ಲಿ. ದಶಕಗಳ ಕಾಲ ಸಮಾಧಿಯ ಮೇಲೆ ಆ ಹೆಸರೇ ಇತ್ತು.