ದೊಡ್ಡಗದ್ದವಳ್ಳಿಯ ಕೆರೆಯಂಚಿನ ತೋಟದಲ್ಲಿ

ಹಾಸನದಿಂದ ಬೇಲೂರಿಗೆ ಹೋಗುವ ಯಾತ್ರಿಕರಲ್ಲಿ ಬಹುಮಂದಿ ದೊಡ್ಡಗದ್ದವಳ್ಳಿಯ ಕಡೆಗೆ ತಿರುಗುವುದೇ ಇಲ್ಲ. ಹೆದ್ದಾರಿಯನ್ನು ಬಿಟ್ಟು ತುಸು ಒಳಕ್ಕೆ ಸಾಗಿದರೆ ತೆಂಗಿನ ಮರಗಳ ನಡುವೆ ಒಂದು ಕೆರೆ, ಅದರ ದಡದಲ್ಲಿ ಲಕ್ಷ್ಮೀದೇವಿಯ ಪುರಾತನ ಗುಡಿ ಕಣ್ಣಿಗೆ ಬೀಳುತ್ತದೆ. ಈ ಪ್ರದೇಶದಲ್ಲಿಯೇ ನಮ್ಮ ಅಕ್ಕನ ಮನೆಯೂ ತೋಟವೂ ಇರುವುದರಿಂದ, ಕಾರ್ತಿಕ ಮಾಸದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ನಾವು ಕುಟುಂಬಸಮೇತ ಅಲ್ಲಿಗೆ ಹೊರಟೆವು.

ಗುಡಿಯನ್ನು ಕಟ್ಟಿಸಿದವರು ಅರಸರಲ್ಲ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 12ನೆಯ ಶತಮಾನದ ಎರಡನೆಯ ದಶಕದಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಇದನ್ನು ಕಟ್ಟಿಸಿದರು. ಒಂದೇ ನಡುಮಂಟಪಕ್ಕೆ ನಾಲ್ಕು ಗರ್ಭಗುಡಿಗಳು ತೆರೆದುಕೊಳ್ಳುವ ಚತುಷ್ಕೂಟವಿದು. ಹೊಯ್ಸಳ ಶೈಲಿಯಲ್ಲಿ ಇಂತಹುದು ಬಲು ವಿರಳ. ಬೇಲೂರಿನ ಸೂಕ್ಷ್ಮ ಕೆತ್ತನೆಯನ್ನು ನಿರೀಕ್ಷಿಸಿ ಬಂದವರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಇಲ್ಲಿಯ ಸರಳ ಗೋಪುರಗಳು ಮೊದಲು ಸಪ್ಪೆಯೆನಿಸಬಹುದು. ಆದರೆ ಸ್ವಲ್ಪ ಹೊತ್ತು ಕುಳಿತರೆ ಆ ಸರಳತೆಯೇ ಮನಸ್ಸನ್ನು ಹಿಡಿಯುತ್ತದೆ. ಕಾಳಿಯ ಗುಡಿಯ ಮುಂದೆ ಆಳೆತ್ತರದ ಎರಡು ವೇತಾಳಗಳು ಎಲುಬುಗಳನ್ನು ತೋರುತ್ತ ಕಾವಲು ನಿಂತಿವೆ. ಮಕ್ಕಳು ಅವನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. “ಬಾಗಿಲು ಕಾಯುವವರು ಹೀಗಿದ್ದರೆ ಯಾರು ಒಳಗೆ ನುಗ್ಗುತ್ತಾರೆ?” ಎಂದು ಭಾವನವರು ನಕ್ಕರು. ಆ ಮಾತು ಮರುದಿನ ಮತ್ತೆ ನೆನಪಾಗಬೇಕಾಯಿತು.

ಮರುದಿನ ಬೆಳಗಿನ ಉಪಾಹಾರಕ್ಕೆ ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ತೋಟದಲ್ಲಿ ಕಳೆ ಕೊಚ್ಚುವ ಯಂತ್ರದ ಸದ್ದು ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಸದ್ದು ನಿಂತು, ಕೂಗು ಕೇಳಿಸಿತು. ಇಪ್ಪತ್ತು ವರ್ಷಗಳಿಂದ ಆ ತೋಟದಲ್ಲಿ ದುಡಿಯುತ್ತಿರುವ ಹಿರಿಯರು ತಲೆಗೆ ಟವೆಲು ಸುತ್ತಿಕೊಂಡು ಓಡಿ ಬರುತ್ತಿದ್ದರು. ಹಳೆಯ ಹುತ್ತದ ಬುಡದಲ್ಲಿದ್ದ ಕಡಜದ ಗೂಡಿನ ಮೇಲೆ ಯಂತ್ರ ಹಾದಿತ್ತು. ಕುತ್ತಿಗೆ, ಕಿವಿ, ತೋಳು ಸೇರಿ ಎಂಟು ಕಡೆ ಕಚ್ಚಿದ್ದವು.

ಹಳ್ಳಿಯ ವಾಡಿಕೆಯಂತೆ ಒಬ್ಬರು ಸುಣ್ಣ ತಂದರು, ಇನ್ನೊಬ್ಬರು ಈರುಳ್ಳಿ ಕೊಯ್ದು ತಂದರು. ನಾವೂ ಅದರಲ್ಲೇ ತೊಡಗಿದೆವೆಂದು ಒಪ್ಪಿಕೊಳ್ಳಲೇಬೇಕು. ಹತ್ತು ನಿಮಿಷಗಳಲ್ಲಿ ಅವರ ಮೈಯೆಲ್ಲ ದದ್ದೆದ್ದಿತು, ತುಟಿ ದಪ್ಪಗಾಯಿತು, ಉಸಿರಿನಲ್ಲಿ ಸಿಳ್ಳೆಯಂತಹ ಸದ್ದು ಬರತೊಡಗಿತು. “ಕಣ್ಣು ಕತ್ಲೆ ಬರ್ತೈತೆ ಯಜಮಾನ್ರೆ” ಎಂದು ಕುಸಿದರು. ಆಗ ಸುಣ್ಣದ ಡಬ್ಬಿಯನ್ನು ಬಿಸುಟು, ಅವರನ್ನು ಕಾರಿನ ಹಿಂಬದಿಯಲ್ಲಿ ಮಲಗಿಸಿಕೊಂಡು ಹಾಸನಕ್ಕೆ ಧಾವಿಸಿದೆವು. ಅಷ್ಟು ಹತ್ತಿರದ ಊರು ಅಂದು ಎಷ್ಟು ದೂರವೆನಿಸಿತೆಂಬುದನ್ನು ಹೇಳಲಾರೆವು.

ವೈದ್ಯರು ಒಂದು ಕ್ಷಣವನ್ನೂ ಕಳೆಯದೆ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಉಸಿರು ಹದಕ್ಕೆ ಬಂದಿತು. ಬಳಿಕ ವೈದ್ಯರು ನಮಗೆ ತಿಳಿಸಿದ ಸಂಗತಿಗಳನ್ನು ವಾಚಕರೂ ಅರಿತಿರುವುದು ಒಳ್ಳೆಯದು. ಹೆಚ್ಚಿನವರಿಗೆ ಕಡಿತದ ಜಾಗದಲ್ಲಿ ನೋವು, ಊತ ಬಂದು ಇಳಿಯುತ್ತದೆ. ಅದಕ್ಕೆ ತಣ್ಣೀರಿನ ಪಟ್ಟಿ ಸಾಕು. ಕೆಲವರ ದೇಹವಾದರೋ ಆ ವಿಷಕ್ಕೆ ಅತಿಯಾಗಿ ಸ್ಪಂದಿಸುತ್ತದೆ. ಅಂತಹವರಿಗೆ ಒಂದೇ ಕಡಿತವೂ ಪ್ರಾಣಾಪಾಯ. ಮೈತುಂಬ ದದ್ದು, ಮುಖದ ಊತ, ಉಬ್ಬಸ, ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು, ಇಲ್ಲವೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಬಹಳ ಕಡೆ ಕಚ್ಚಿದ್ದರೆ ವಿಷದಿಂದ ಮೂತ್ರಪಿಂಡಕ್ಕೆ ಹಾನಿಯಾಗುವುದೂ ಉಂಟು. ಆದ್ದರಿಂದ ರೋಗಿ ಗೆಲುವಾಗಿ ಕಂಡರೂ, ಮುಂದಿನ ದಿನಗಳಲ್ಲಿ ಮೂತ್ರ ಕಡಿಮೆಯಾದರೆ ಅಥವಾ ಕಂದುಬಣ್ಣಕ್ಕೆ ತಿರುಗಿದರೆ ಉಪೇಕ್ಷಿಸಬಾರದು.

ಸಂಜೆ ನಾವು ಮರಳಿದಾಗ ತೋಟದಲ್ಲಿ ಬೇರೊಂದು ಸನ್ನಾಹ ನಡೆದಿತ್ತು. ಊರಿನ ನಾಲ್ಕಾರು ತರುಣರು ಪೆಟ್ರೋಲಿನ ಕ್ಯಾನು ಹಿಡಿದು ನಿಂತಿದ್ದರು. ಬಿಲಕ್ಕೆ ಸುರಿದು ಬೆಂಕಿಯಿಟ್ಟರೆ ಮುಗಿಯಿತೆಂಬುದು ಅವರ ಎಣಿಕೆ. ಭಾವನವರೂ ಕೋಪದಲ್ಲಿ ತಲೆಯಾಡಿಸಿದ್ದರು. ಅಡ್ಡ ಬಂದವಳು ಅಕ್ಕ. “ಗೂಡಿನಿಂದ ಬಾವಿಗೆ ಎಷ್ಟು ದೂರ? ಒಣಗರಿಗಳು ಬಿದ್ದಿವೆ, ಬೆಂಕಿ ಹಬ್ಬಿದರೆ ಯಾರು ಆರಿಸುವವರು?” ಎಂದು ಕೇಳಿದಳು. ಉತ್ತರ ಯಾರಲ್ಲಿಯೂ ಇರಲಿಲ್ಲ. ಬೆಂಕಿಯಿಡಲು ಹೋಗಿ ತಾವೇ ಸುಟ್ಟುಕೊಂಡವರೂ, ರೇಗಿದ ಹುಳುಗಳಿಂದ ಕಚ್ಚಿಸಿಕೊಂಡವರೂ ಉಂಟು.

ಮರುದಿನ ಬೆಳಿಗ್ಗೆ ಬಹಳ ದೂರದಲ್ಲಿ ನಿಂತು ಆ ಬಿಲವನ್ನು ನೋಡಿದೆವು. ಕಪ್ಪು ಮೈಯ, ಹೊಟ್ಟೆಗೆ ಒಂದೇ ಅಗಲವಾದ ಹಳದಿ ಪಟ್ಟಿಯಿರುವ ದೊಡ್ಡ ಕಡಜಗಳು ಒಂದರ ಹಿಂದೊಂದು ಹೋಗಿ ಬರುತ್ತಿದ್ದವು. ಈ ಜಾತಿಯ ಕಡಜಗಳು ನೆಲದ ಪೊಳ್ಳಿನಲ್ಲಿ, ಮರದ ಪೊಟರೆಯಲ್ಲಿ, ಅಗಿದ ಮರದ ನಾರಿನಿಂದ ಕಾಗದದಂತಹ ಗೂಡು ಕಟ್ಟುತ್ತವೆ. ಬೇರೆ ಕಣಜಗಳ ಗೂಡಿನ ಮರಿಗಳನ್ನು ಬೇಟೆಯಾಡುತ್ತವೆ. ಜೇನಿನಂತೆ ಕೊಂಡಿಯನ್ನು ಕಳೆದುಕೊಳ್ಳದೆ ಒಂದೇ ಹುಳು ಮತ್ತೆ ಮತ್ತೆ ಕಚ್ಚಬಲ್ಲುದು. ಕಾಲಡಿಯ ನೆಲ ಅದುರಿದರೆ ಕೆರಳುತ್ತವೆ. ಒಂದನ್ನು ಹೊಸಕಿದರೆ ಅದರ ವಿಷದ ವಾಸನೆಯೇ ಉಳಿದವುಗಳಿಗೆ ಕರೆಯಾಗುತ್ತದೆ. ಆದ್ದರಿಂದ ಕೈಬೀಸಿ ಹೊಡೆಯದೆ, ಮುಖ ಮುಚ್ಚಿಕೊಂಡು ಓಡಿ ಮನೆಯನ್ನೋ ಮುಚ್ಚಿದ ವಾಹನವನ್ನೋ ಸೇರುವುದೇ ಸರಿ.

ನೆಲದ ಬಿಲಗಳೆಲ್ಲ ಇವುಗಳದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು ಬಿಲಕ್ಕೆ ಒಂದೇ ಹುಳು ಹೋಗಿ ಬರುತ್ತಿದ್ದರೆ ಅದು ಒಂಟಿ ಕಣಜವೋ ಒಂಟಿ ಜೇನೋ ಇದ್ದೀತು. ಅವು ದಂಡೆತ್ತಿ ಬರುವುದಿಲ್ಲ. ಹುತ್ತದಲ್ಲಿ ತುಡುವೆ ಜೇನು ಇದ್ದರೆ ಜೇನು ಸಾಕುವವರು ಅದನ್ನು ಪೆಟ್ಟಿಗೆಗೆ ಕೂರಿಸಬಲ್ಲರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ನಾಡಿನ ತುಡುವೆ ಕುಟುಂಬಗಳು ಲೆಕ್ಕವಿಲ್ಲದಷ್ಟು ನಾಶವಾದುದನ್ನು ಬಲ್ಲವರು ಅದಕ್ಕೆ ಬೆಂಕಿ ಹಚ್ಚಲಾರರು.

ಮನೆಯ ಅಂಗಳದಲ್ಲಿ, ಶಾಲೆಯ ದಾರಿಯಲ್ಲಿ ಕಡಜ ಗೂಡು ಕಟ್ಟಿದ್ದರೆ ತೆಗೆಸಲೇಬೇಕು. ಅದು ಪೂರ್ಣ ರಕ್ಷಾಕವಚ ತೊಟ್ಟು ಕತ್ತಲಾದ ಮೇಲೆ ಕೆಲಸ ಮಾಡುವ ಅನುಭವಿಗಳ ಕೆಲಸ. ಅಕ್ಕನ ತೋಟದ ಗೂಡು ಮಾತ್ರ ಬೇಲಿಯ ಮೂಲೆಯಲ್ಲಿತ್ತು. ಆದರೂ ತೀರ್ಮಾನ ಕಚ್ಚಿಸಿಕೊಂಡವರದೇ ಆಗಲಿ ಎಂದು ಭಾವನವರು ಕಾದರು. ಆಸ್ಪತ್ರೆಯಿಂದ ಬಂದ ಹಿರಿಯರು ದೂರದಿಂದಲೇ ಹುತ್ತವನ್ನು ನೋಡಿ, “ನಾನೇ ಅದರ ಬಾಗ್ಲಿಗೆ ಹೋದದ್ದು ಯಜಮಾನ್ರೆ, ಅದು ನನ್ನ ಬಾಗ್ಲಿಗೆ ಬಂದಿಲ್ಲ. ಗುರ್ತು ಹಾಕಿ ಬಿಡಿ” ಎಂದರು. ಕಾಳಿಯ ಗುಡಿಯ ವೇತಾಳಗಳು ನಮ್ಮ ನೆನಪಿಗೆ ಬಂದವು.

ಅಂದು ರಾತ್ರಿ ದೂರದಲ್ಲಿ ಸುತ್ತಲೂ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಆ ಮೂಲೆಗೆ ಯಂತ್ರವೂ ದನವೂ ಹೋಗದಂತೆ ನೋಡಿಕೊಂಡರು. ಶಿವರಾತ್ರಿಗೆ ನಾವು ಮತ್ತೆ ಹೋದಾಗ ಬಿಲದ ಬಾಯಿಗೆ ಜೇಡ ಬಲೆ ನೇಯ್ದಿತ್ತು; ಕಡಜಗಳ ಸುಳಿವಿರಲಿಲ್ಲ. ಬಿಟ್ಟುಹೋದ ಗೂಡಿಗೆ ಅವು ಸಾಮಾನ್ಯವಾಗಿ ಮರಳುವುದಿಲ್ಲ. ಆದರೂ ಈಗ ಹಿರಿಯರು ಯಂತ್ರವನ್ನು ಚಾಲೂ ಮಾಡುವ ಮೊದಲು ಕೈಕಟ್ಟಿ ನಿಂತು ಹುಲ್ಲಿನ ಮೇಲೆ ಹುಳುಗಳ ಓಡಾಟವಿದೆಯೇ ಎಂದು ಐದು ನಿಮಿಷ ನೋಡುತ್ತಾರೆ. ಮತ್ತೆ ಕಚ್ಚಿದರೆ ಅಪಾಯವೆಂದು ವೈದ್ಯರು ಎಚ್ಚರಿಸಿರುವುದರಿಂದ ಒಬ್ಬರೇ ತೋಟಕ್ಕೆ ಹೋಗುವುದಿಲ್ಲ. ಅಕ್ಕನ ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ದಪ್ಪಕ್ಷರಗಳಲ್ಲಿ ಬರೆದಿಟ್ಟಿದ್ದಾರೆ.