ಮುತ್ಯಾನ ಟ್ರಂಕಿನಲ್ಲಿ ಭೀಮಸೇನರು

ವಿಜಯಪುರದ ಗಾಂಧಿ ಚೌಕದ ಗದ್ದಲ ಅಡಗಬೇಕಾದರೆ ರಾತ್ರಿ ಹತ್ತಾದರೂ ಆಗಬೇಕು. ಆಮೇಲೆ ಅಲ್ಲಿಂದ ಕೂಗಳತೆಯ ಮಾಳಿಗೆ ಮನೆಯೊಂದರಲ್ಲಿ ಹಳೆಯ ಟೇಪ್ ರೆಕಾರ್ಡರ್ ಬಾಯಿ ಬಿಡುತ್ತದೆ. ಮನೆಯ ಹಿರಿಯರು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕಿರಾಣಿಗೂ ಕಿರಾಣಾ ಘರಾಣೆಗೂ ನಂಟೇನೂ ಇಲ್ಲ, ಆದರೆ ಅವರ ಆಸ್ತಿಯೆಂದರೆ ಒಂದು ತಗಡಿನ ಟ್ರಂಕು, ಅದರ ತುಂಬ ಪಂಡಿತ ಭೀಮಸೇನ ಜೋಶಿಯವರ ಮೈಫಿಲುಗಳ ಕ್ಯಾಸೆಟ್ಟುಗಳು.

ಸ್ಟುಡಿಯೋದಲ್ಲಿ ಮುದ್ರಿಸಿದ್ದನ್ನು ಅವರು ಅಷ್ಟಾಗಿ ಮೆಚ್ಚುವುದಿಲ್ಲ. ಹಿಂದಿನ 78 ಸುತ್ತಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಹಾಡು. ರಾಗ ಬಾಗಿಲು ತೆರೆಯುವಷ್ಟರಲ್ಲಿ ತಟ್ಟೆಯೇ ಮುಗಿಯುತ್ತಿತ್ತು. ಲಾಂಗ್ ಪ್ಲೇ ಬಂದ ಮೇಲೆ ಇಪ್ಪತ್ತು ಚಿಲ್ಲರೆ ನಿಮಿಷ. ಜನರೆದುರು ಹಾಡುವಾಗ ಆ ಹಂಗಿಲ್ಲ. ಗಾಯಕರು ಒಂದೊಂದೇ ಸ್ವರವನ್ನು ತಡವಿ ನೋಡುತ್ತಾರೆ. ಮೇಲಿನ ಷಡ್ಜಕ್ಕೆ ಬಂದು ನಿಂತಾಗ ಮುಂದಿನ ಸಾಲಿನಲ್ಲಿ ಯಾರೋ ‘ವಾಹ್’ ಎನ್ನುತ್ತಾರೆ. ಆ ‘ವಾಹ್’ ಕೇಳಿ ಗಾಯಕರು ಅದೇ ಜಾಗಕ್ಕೆ ಇನ್ನೊಂದು ದಾರಿಯಿಂದ ಬರುತ್ತಾರೆ. ಕೇಳುವವನೂ ಹಾಡಿನಲ್ಲಿ ಪಾಲುದಾರ!

ಭೀಮಸೇನರ ಮೇಲಿನ ಅಭಿಮಾನಕ್ಕೆ ಊರಿನ ಕಾರಣವೂ ಉಂಟು. 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕಿ ಮನೆ ಬಿಟ್ಟು ಬಂದದ್ದು ಇದೇ ಬಿಜಾಪುರಕ್ಕೆ. ಗುರು ಸಿಕ್ಕಿದ್ದು ಎಷ್ಟೋ ಅಲೆದಾಟದ ನಂತರ, ಕುಂದಗೋಳದ ಸವಾಯಿ ಗಂಧರ್ವರ ರೂಪದಲ್ಲಿ. ಈ ಕಥೆಯನ್ನು ಹಿರಿಯರು ಪಿಯುಸಿ ಓದುವ ಮೊಮ್ಮಗನೆದುರು ಹೇಳಿದಾಗಲೆಲ್ಲ ಮಗಳು ಸಿಡಿಮಿಡಿಗೊಳ್ಳುತ್ತಾಳೆ. “ಯಪ್ಪಾ, ಮನಿ ಬಿಟ್ಟ ಹೋಗೂದ ಕಲಸಬ್ಯಾಡ್ರಿ. ಪರೀಕ್ಷಾ ಹತ್ತರ ಬಂದಾವ.”

ಮೊಮ್ಮಗನ ಅಭಿಮಾನ ಬೇರೆ ಕಡೆಗೆ: ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡ. ಒಂದೊಂದು ಹಾಡನ್ನು ಅರ್ಧ ಗಂಟೆ ಎಳೆಯುತ್ತಿದ್ದ, ಒಮ್ಮೆ ನುಡಿಸಿದ್ದನ್ನು ಹಾಗೆಯೇ ಇನ್ನೊಮ್ಮೆ ನುಡಿಸದ ತಂಡ ಅದು. ಅಭಿಮಾನಿಗಳು ಕಾರ್ಯಕ್ರಮವನ್ನು ಟೇಪ್ ಮಾಡಿಕೊಳ್ಳುವುದನ್ನು ತಡೆಯಲಿಲ್ಲ. 1984ರಲ್ಲಿ ಅವರಿಗೆಂದೇ ಬೇರೆ ಜಾಗ ಕೊಟ್ಟಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ್ದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದೆ. ಹಿರಿಯರು ಒಮ್ಮೆ ಕೇಳಿ, “ಇದೇನ್ ತಮ್ಮಾ, ಸಂತಿ ನಡದಂಗೈತಿ” ಎಂದಿದ್ದರು. ಆ ತಂಡದ ಮಿಕಿ ಹಾರ್ಟ್ ಜೊತೆ ಜಾಕಿರ್ ಹುಸೇನರು ನುಡಿಸಿದ್ದಾರೆಂದು ತಿಳಿದ ಮೇಲೆ ಸುಮ್ಮನಾದರು.

ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸುವ ಕೆಲಸ ಮೊಮ್ಮಗನದಾಯಿತು. ಮೊದಲು ಆರಿಸಿದ್ದು ಎಂಬತ್ತರ ದಶಕದ ಒಂದು ರಾತ್ರಿ, ಆಕಾಶವಾಣಿ ಸಂಗೀತ ಸಮ್ಮೇಳನದ ಪ್ರಸಾರವನ್ನು ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಶುದ್ಧ ಕಲ್ಯಾಣ. ಹುಡುಗ ಶ್ರದ್ಧೆಯಿಂದ ಕೂತು ಗೊರಗೊರ ತೆಗೆದ. ವಿಲಂಬಿತ ಮುಗಿದು ದ್ರುತ್ ಶುರುವಾಗುವ ನಡುವೆ ಮನೆಯ ಸಪ್ಪಳ ಸೇರಿದ್ದ ತುಣುಕನ್ನೂ ಕತ್ತರಿಸಿದ.

ಹಿರಿಯರು ಕಣ್ಣು ಮುಚ್ಚಿ ಕೇಳಿದರು. ದ್ರುತ್ ಬಂದೊಡನೆ ಕಣ್ಣು ತೆರೆದರು.

“ಇದು ಯಾರ ಮನಿ ಕ್ಯಾಸೆಟ್ಟೋ?”

“ನಮ್ಮದ ಐತಿ ಮುತ್ಯಾ. ಸ್ವಚ್ಛ ಮಾಡೀನಿ.”

“ನಿಮ್ಮ ಆಯಿನ್ನೂ ಸ್ವಚ್ಛ ಮಾಡಿಬಿಟ್ಟಿ.”

ಹುಡುಗನಿಗೆ ಅರ್ಥವಾಗಲಿಲ್ಲ. ಆಯಿ ತೀರಿಕೊಂಡಾಗ ಅವನಿನ್ನೂ ಹುಟ್ಟಿರಲಿಲ್ಲ. ಆಕೆಯ ಧ್ವನಿ ಅವನಿಗೆ ಗೊತ್ತಿಲ್ಲ. ಮೂಲ ಪ್ರತಿಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿರಲಿಲ್ಲ. ಕ್ಯಾಸೆಟ್ಟನ್ನು ಮತ್ತೆ ಹಾಕಿದರೆ ಟೇಪು ಯಂತ್ರಕ್ಕೆ ಸುತ್ತಿಕೊಂಡು ಹರಿಯಿತು. ಮುತ್ಯಾ ಮಾತಾಡಲಿಲ್ಲ. ಬ್ಲೇಡು, ಅಂಟು ಪಟ್ಟಿ ತರಿಸಿದರು. ಸುಕ್ಕಾದ ಒಂದಿಷ್ಟು ಟೇಪು ಕತ್ತರಿಸಿ ಬಿಸಾಡಬೇಕಾಯಿತು. ಅದರಲ್ಲಿ ಏನು ಹೋಯಿತೋ ಎಂಬ ಚಿಂತೆಯಲ್ಲೇ ತುದಿಗಳನ್ನು ಕೂಡಿಸಿ, ಪೆನ್ಸಿಲ್ ತೂರಿಸಿ ಹುಷಾರಾಗಿ ಸುತ್ತಿದರು.

ಹೋದದ್ದು ವಿಲಂಬಿತದ ಕೊನೆಯ ಒಂದು ತಾನು. ಅದಾದ ಮೇಲೆ ಚಪ್ಪಾಳೆ, ತಂಬೂರಿ, ಬಳೆಯ ಸದ್ದು, ಒಂದು ಹೆಣ್ಣು ಧ್ವನಿ: “ಸಣ್ಣಗ ಮಾಡ್ರಿ, ಕೂಸು ಮಲಗೈತಿ.”

ಪರೀಕ್ಷೆಯ ವೇಳಾಪಟ್ಟಿ ಹಿಡಿದು ಬೈಯಲು ಬಂದಿದ್ದ ಮಗಳು ಬಾಗಿಲಲ್ಲೇ ನಿಂತಳು. ಭೀಮಸೇನರು ದ್ರುತ್ ಎತ್ತಿಕೊಂಡರು. ಆಕೆ ಒಳಗೆ ಬಂದು ಟ್ರಂಕಿನ ಮೇಲೆ ಕೂತಳು.

“ಹಿಂದಕ್ಕ ತಿರುಗಿಸಿ ಇನ್ನೊಮ್ಮೆ ಹಚ್ಚೋ,” ಎಂದಳು ಮಗನಿಗೆ.