ಭಾಗ 7: "ನಂಗೆಂತ ಆಗಿದೆ ಈಗ?"

ಈ ಡೈಲಾಗ್ ನಿಮ್ಮ ಮನೆಯಲ್ಲೂ ಉಂಟು. ಬೇಕಾದ್ರೆ ಇವತ್ತು ರಾತ್ರಿ ಅಮ್ಮನ ಹತ್ರ ಕೇಳಿ ನೋಡಿ: "ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಒಮ್ಮೆ ಮಾಡಿಸಿಕೊಂಡು ಬರುವಾ?" ಮೊದಲು ಒಂದು ಲುಕ್ ಕೊಡ್ತಾರೆ. ಮತ್ತೆ ಇದೇ ಡೈಲಾಗ್.

ವಿಷಯ ಎಂತ ಗೊತ್ತುಂಟಾ? ಈ ತಪಾಸಣೆ ಇರೋದೇ ಏನೂ ಆಗದವರಿಗೆ.

ಬಿಕಾಂನವರಿಗೆ ಬೇಗ ಅರ್ಥ ಆಗ್ತದೆ. ದುಡ್ಡು ಕಳವಾದ ಮೇಲೆ ಬರುವವರು ಪೊಲೀಸರು. ಎಲ್ಲ ಸರಿ ಇದೆ ಅನ್ನಿಸುವಾಗಲೂ ಬಂದು ಪುಸ್ತಕ ತೆರೆದು ನೋಡುವವರು ಆಡಿಟರ್. ಇದು ಆಡಿಟ್, ಅಷ್ಟೇ.

ಈ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ಅನ್ನುವ ವೈರಸ್. ದೈಹಿಕ ಸಂಪರ್ಕದಿಂದ ಬರ್ತದೆ, ಹಾಗಾಗಿ ಕೂಡಲೇ ಗುಸುಗುಸು ಶುರು. ಆದ್ರೆ ಮದುವೆಯಾಗಿ ಒಬ್ಬನೇ ಗಂಡನ ಜೊತೆ ಇರುವವರಿಗೂ ಬರಬಹುದು. ಇದು ಯಾರ ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೂಡ ಅಲ್ಲ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಓಡಿಸ್ತದೆ. ಕೆಲವರಲ್ಲಿ ಮಾತ್ರ ಉಳೀತದೆ. ಉಳಿದದ್ದು ಕ್ಯಾನ್ಸರ್ ಆಗ್ಲಿಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ದಿನ ನೋವಿಲ್ಲ, ಸುದ್ದಿಯಿಲ್ಲ.

ಈಗ ನಮ್ಮ ಮನೆಯ ಲೆಕ್ಕ ಹೇಳ್ತೇನೆ. ನನ್ನ ಅಮ್ಮ ಸ್ತ್ರೀರೋಗದ ಡಾಕ್ಟರ್ ಹತ್ರ ಕೊನೆಯ ಸಲ ಹೋದದ್ದು ತಮ್ಮ ಹುಟ್ಟಿದಾಗ. ಅವನಿಗೆ ಈಗ 17. ನಮ್ಮೂರಲ್ಲಿ ಹೆಚ್ಚಿನ ಅಮ್ಮಂದಿರದ್ದು ಇದೇ ಕಥೆ. ಹಂಪನಕಟ್ಟೆಯ ಲೇಡಿಗೋಷನ್ ಆಸ್ಪತ್ರೆ 1849ರಿಂದ ಉಂಟು, ನಮ್ಮ ಕ್ಲಾಸಲ್ಲೇ ಎಷ್ಟೋ ಜನ ಹುಟ್ಟಿದ್ದು ಅಲ್ಲಿ. ಆದ್ರೆ ಹೆರಿಗೆ ಮುಗಿದ ಮೇಲೆ ಆ ಕಡೆ ತಿರುಗಿ ನೋಡಿದ ಅಮ್ಮಂದಿರು ಎಷ್ಟು? ವೈರಸ್ಸಿಗೆ ಬೇಕಾದಷ್ಟೇ ಟೈಮ್ ನಾವು ಕೊಡ್ತಾ ಇದ್ದೇವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದ್ರೂ ಈ ತಪಾಸಣೆ ಮಾಡಿಸಿಕೊಂಡವರು 1.9%. ನೂರರಲ್ಲಿ ಇಬ್ಬರೂ ಇಲ್ಲ ಮಾರಾಯ್ರೆ. 2022ರಲ್ಲಿ ಇದರಿಂದ ಸತ್ತವರು, ಅಂದಾಜಿನ ಪ್ರಕಾರ, ಹತ್ತಿರ ಹತ್ತಿರ 80 ಸಾವಿರ.

ತಪಾಸಣೆ ಎಂತದ್ದು ಅಂದ್ರೆ, ಗೋಬಿ ಮಂಚೂರಿಗೆ ಹಾಕುವ ವಿನೆಗರ್ ಗೊತ್ತಲ್ವಾ? ಅದರಲ್ಲಿರುವ ಅಸಿಟಿಕ್ ಆಸಿಡ್ಡೇ, 3ರಿಂದ 5% ಅಷ್ಟೇ. ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯ್ತಾರೆ. ಬದಲಾವಣೆ ಆಗಿರುವ ಜಾಗ ಬೆಳ್ಳಗೆ ಕಾಣ್ತದೆ. ಹೆಸರು ವಿಐಎ. ಲ್ಯಾಬ್ ಬೇಡ, ತರಬೇತಿ ಆದ ನರ್ಸ್ ಸಾಕು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್‌ನವರು ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ 12 ವರ್ಷ ಅಧ್ಯಯನ ಮಾಡಿದ್ರು. ಡಾಕ್ಟರ್ ಅಲ್ಲದ ಆರೋಗ್ಯ ಕಾರ್ಯಕರ್ತೆಯರೇ ಈ ತಪಾಸಣೆ ಮಾಡಿದ ಗುಂಪಿನಲ್ಲಿ ಸಾವು 31% ಕಡಿಮೆ.

ಅಮ್ಮ ಎರಡು ತಿಂಗಳು ಸತಾಯಿಸಿದ್ರು. ಬೀಡಿ ಲೆಕ್ಕ ಕೊಡ್ಲಿಕ್ಕುಂಟು, ಮದುವೆ ಉಂಟು, ಕೋಲ ಉಂಟು. ನಿಜವಾದ ಕಾರಣ ನಾಚಿಕೆ. "ಗಂಡಸು ಡಾಕ್ಟರ್ ಇದ್ರೆ?" ಅಂತ ಕೊನೆಗೆ ಬಾಯಿ ಬಿಟ್ರು. ನಾನು ಮೊದಲೇ ಹೋಗಿ ಕೇಳಿಕೊಂಡು ಬಂದೆ, ನೋಡುವವರು ಹೆಂಗಸೇ ಅಂತ. ಆಮೇಲೆ ಹೊರಟ್ರು. ಒಳಗೆ ಹೋಗಿ ಬರ್ಲಿಕ್ಕೆ ಹತ್ತು ನಿಮಿಷ.

ಬಿಳಿ ಕಲೆ ಕಂಡಿತು.

ಬಿಳಿ ಕಲೆ ಅಂದ್ರೆ ಕ್ಯಾನ್ಸರ್ ಅಲ್ಲ. ಬರೀ ಸೋಂಕು, ಉರಿಯೂತಕ್ಕೂ ಹಾಗೆ ಕಾಣ್ತದೆ. ಕ್ಯಾನ್ಸರಿಗೆ ಮೊದಲಿನ ಹಂತ ಆಗಿದ್ರೆ, ಆ ಜಾಗವನ್ನು ಅಲ್ಲೇ ಸುಟ್ಟು ಅಥವಾ ತೆಗೆದು ಮುಗಿಸಬಹುದು. ಹೆಚ್ಚಿನವರಿಗೆ ಗರ್ಭಕೋಶ ತೆಗೆಯುವ ಮಾತೇ ಬರೋದಿಲ್ಲ. ಅಮ್ಮನಿಗೆ ಬಯಾಪ್ಸಿ ಆಗಿದೆ, ರಿಪೋರ್ಟ್ ಶುಕ್ರವಾರ. ನಂಗೆ ಹೆದರಿಕೆ ಉಂಟು, ಇಲ್ಲ ಅಂತ ಹೇಳೋದಿಲ್ಲ. ಆದ್ರೆ ಗೊತ್ತಿಲ್ಲದೆ ಇನ್ನೂ ಐದು ವರ್ಷ ಬೀಡಿ ಸುತ್ತುತ್ತಾ ಕೂತಿರುವುದಕ್ಕಿಂತ ಈ ಹೆದರಿಕೆ ವಾಸಿ. ಅಮ್ಮನ ಹತ್ರ ಕೇಳಿಯೇ ಇದನ್ನು ಬರೆದದ್ದು. "ಹಾಕು, ಉಳಿದವರಾದ್ರೂ ಹೋಗ್ಲಿ" ಅಂದ್ರು.

ಈಗ ನಿಮ್ಮ ಕೆಲಸ. ಸರಕಾರದ ನಿಯಮದಲ್ಲಿ ಈ ತಪಾಸಣೆ 30ರಿಂದ 65 ವಯಸ್ಸಿನವರಿಗೆ, 5 ವರ್ಷಕ್ಕೊಮ್ಮೆ. ಅಂದ್ರೆ ನಮಗಲ್ಲ. ಅಮ್ಮ, ಚಿಕ್ಕಮ್ಮ, ಮಾಮಿ, ಪಕ್ಕದ ಮನೆ ಆಂಟಿಗೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಅಕ್ಕನ ಹತ್ರ ವಿಚಾರಿಸಿ, ದಿನ ಕೇಳಿಕೊಳ್ಳಿ. ಮುಟ್ಟಿನ ದಿನ ಬೇಡ. ಮುಟ್ಟು ನಿಂತ ಮೇಲೆ ರಕ್ತ ಹೋಗ್ತಿದ್ರೆ, ನಡುನಡುವೆ ಅಥವಾ ಸಂಪರ್ಕದ ನಂತರ ರಕ್ತ ಕಂಡ್ರೆ ತಪಾಸಣೆಗೆ ಕಾಯ್ಬೇಡಿ, ಸೀದಾ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹುಡುಗರೇ, ನೀವೂ. ಬೈಕ್ ಇರೋದು ನಿಮ್ಮ ಹತ್ರ.

ನಮ್ಮ ವಯಸ್ಸಿನವರಿಗೆ ಲಸಿಕೆ ಉಂಟು. ಅದು ಭಾಗ 8ರಲ್ಲಿ.

#ಅಮ್ಮನ_ಆಡಿಟ್ #ಕುಡ್ಲ